ತಟ್ಟೆ ಬೇರೆ ಇಡಬೇಕಾ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗನಿಗೆ 32 ವರ್ಷ. ನಾಲ್ಕು ವರ್ಷದಿಂದ ಐವರಿ ಕೋಸ್ಟ್‌ನಲ್ಲಿ ಗೇರುಬೀಜದ ಕಂಪೆನಿಯಲ್ಲಿ ಸೂಪರ್‌ವೈಸರ್. ಮದುವೆ ನಿಶ್ಚಯವಾಗಿದೆ ಎಂದು ರಜೆಯಲ್ಲಿ ಬಂದವನು ರಕ್ತ ಪರೀಕ್ಷೆ ಮಾಡಿಸಿದ. ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ಕಾಮಾಲೆ ಇಲ್ಲ, ಸುಸ್ತಿಲ್ಲ, ಕೋರಿ ರೊಟ್ಟಿ ಮಾಡಿದರೆ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ‘ಆಫ್ರಿಕಾದಲ್ಲಿ ಯಾರ್ಯಾರ ಸಹವಾಸವೋ’ ಎಂದು ನಮ್ಮವರೇ ಆಡಿಕೊಳ್ಳುತ್ತಿದ್ದಾರೆ. ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದೇನೆ. ನೆಲನೆಲ್ಲಿ ಕಷಾಯ ಕೊಡುತ್ತಿದ್ದೇನೆ. ರೋಗ ಅಲ್ಲಿಂದಲೇ ಬಂದದ್ದಾ ಎಂದು ತಿಳಿಯುವ ಪರೀಕ್ಷೆ ಇದೆಯಾ?
– ಹೆಸರು ಬೇಡ, ಸುರತ್ಕಲ್

ಉತ್ತರ: ಅಮ್ಮಾ, ಮೊದಲು ಆ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆ ಸೇರಿಸಿ. ಇದು ರಕ್ತದಿಂದ, ದೇಹ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುವ ವೈರಸ್. ಊಟದಿಂದ ಅಂಟುವುದಿಲ್ಲ. ಬೇರೆ ಇಡಬೇಕಾದ್ದು ಅವನ ರೇಜರ್ ಮತ್ತು ಹಲ್ಲುಜ್ಜುವ ಬ್ರಷ್, ಅಷ್ಟೇ.

ಪರೀಕ್ಷೆ ಇದೆ. ಈ ವೈರಸ್‌ಗೂ ನಮ್ಮ ಹಾಗೆ ಕುಲಗೋತ್ರ ಉಂಟು. ಎ ಯಿಂದ ಜೆ ವರೆಗೆ ಜೀನೋಟೈಪ್ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಮಗನಿರುವ ಪಶ್ಚಿಮ ಆಫ್ರಿಕಾದಲ್ಲಿ ಇ ಯದೇ ಕಾರುಬಾರು. ಖಂಡದ ಪೂರ್ವ, ದಕ್ಷಿಣಕ್ಕೆ ಹೋದರೆ ಎ1 ಎಂಬ ಕವಲು, ಉತ್ತರದಲ್ಲಿ ಡಿ. ನಮ್ಮ ದೇಶದಲ್ಲಿ ಹೆಚ್ಚಿನದು ಡಿ, ಆಮೇಲೆ ಎ. ಹಾಗಾಗಿ ಇ ಬಂದರೆ ಅಲ್ಲಿಯದು, ಡಿ ಬಂದರೆ ಬಹುಶಃ ಇಲ್ಲಿಯದು ಎನ್ನಬಹುದು. ಎ1 ಬಂದರೆ ಪಂಚಾಯಿತಿಗೆ ಕಷ್ಟ, ಅದು ಅಲ್ಲೂ ಉಂಟು, ಇಲ್ಲೂ ಉಂಟು. ಮಂಗಳೂರು ಹಂಚು ಪೂರ್ವ ಆಫ್ರಿಕಾದ ಮಾಡು ಸೇರುವುದಕ್ಕೂ ಎಷ್ಟೋ ಶತಮಾನ ಮೊದಲೇ ಎರಡು ದಡದ ಜನ ಹಡಗಿನಲ್ಲಿ ಹೋಗಿ ಬರುತ್ತಿದ್ದರು. ಮನುಷ್ಯ ಹೋದಲ್ಲಿ ಅವನ ರಕ್ತವೂ ಹೋಗುತ್ತದೆ.

ಇ ಕವಲಿನದ್ದು ಇನ್ನೂ ಸೋಜಿಗ. ಅಷ್ಟು ದೊಡ್ಡ ಪ್ರದೇಶದಲ್ಲಿ ಹಬ್ಬಿದ್ದರೂ ಅದರಲ್ಲಿ ಒಳಭೇದ ಬಹಳ ಕಡಿಮೆ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಸಂತತಿಯಲ್ಲಿ ಅದು ಸಿಗುವುದೇ ಅಪರೂಪ. ಆದ್ದರಿಂದ ಆ ವ್ಯಾಪಾರ ನಿಂತ ಮೇಲೆ, ಇತ್ತೀಚೆಗೆ ಹಬ್ಬಿದ್ದಿರಬೇಕು ಎಂದು ತಜ್ಞರ ಲೆಕ್ಕ. ಸಾಮೂಹಿಕ ಚುಚ್ಚುಮದ್ದಿನ ಸೂಜಿಗಳ ಮೇಲೆ ಕೆಲವರಿಗೆ ಗುಮಾನಿ. ಹೆಪಟೈಟಿಸ್ ಸಿ ಯ ವಿಷಯದಲ್ಲಿ ಈಜಿಪ್ಟ್ ಇದನ್ನು ಚೆನ್ನಾಗಿ ಅನುಭವಿಸಿದೆ. 1950ರ ದಶಕದಿಂದ ಬಸವನಹುಳು ಮೂಲಕ ಬರುವ ಪರೋಪಜೀವಿ ರೋಗಕ್ಕೆಂದು ಊರೂರಿಗೆ ಇಂಜೆಕ್ಷನ್ ಕೊಟ್ಟರು, ಸೂಜಿ ಸರಿಯಾಗಿ ಕುದಿಸಲಿಲ್ಲ. ಬೇರೆಯವರನ್ನು ಹೇಳುವುದು ಯಾಕೆ? 1974ರಲ್ಲಿ ಉಡುಪಿ ಕಡೆಯ ಒಂದು ಹಳ್ಳಿಯಲ್ಲಿ ಸಾಲಾಗಿ ನಿಂತ ಶಾಲೆ ಮಕ್ಕಳಿಗೆ ಸೂಜಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಒರೆಸಿ ಚುಚ್ಚಿದವನು ನಾನೇ. ಕುದಿಸುವ ಸ್ಟವ್‌ನಲ್ಲಿ ಸೀಮೆಎಣ್ಣೆ ಮುಗಿದಿತ್ತು. ಈಗಲೂ ಆ ಊರಿನಲ್ಲಿ ಲಿವರ್ ಕಾಯಿಲೆ ಎಂದು ಕೇಳಿದರೆ ನನಗೆ ಊಟ ರುಚಿಸುವುದಿಲ್ಲ.

ಆದರೆ ನಿಮ್ಮ ಮಗನಿಗೆ ಜೀನೋಟೈಪ್ ಪರೀಕ್ಷೆ ಬೇಡ ಎನ್ನುತ್ತೇನೆ. ಈ ವೈರಸ್ಸನ್ನು ಹತೋಟಿಯಲ್ಲಿಡುವ ಟೆನೊಫೊವಿರ್ ಮಾತ್ರೆಗೆ ಯಾವ ಕುಲವಾದರೂ ಒಂದೇ. ದುಡ್ಡು ಕೊಟ್ಟು ನೆಂಟರ ಬಾಯಿ ಮುಚ್ಚಿಸಿದ ಹಾಗಾಗುತ್ತದೆ, ಅದೂ ಮುಚ್ಚುವುದಿಲ್ಲ.

ಈಗ ಅವರಾರೂ ಯೋಚಿಸದ ಸಂಗತಿ. ದೊಡ್ಡವರಾದ ಮೇಲೆ ಈ ವೈರಸ್ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ತಾವಾಗಿಯೇ ಅದನ್ನು ಓಡಿಸುತ್ತಾರೆ. ಹುಟ್ಟುವಾಗ ತಗುಲಿದರೆ ಲೆಕ್ಕ ತಲೆಕೆಳಗು, ಸುಮಾರು ತೊಂಬತ್ತು ಮಕ್ಕಳಲ್ಲಿ ಜೀವಮಾನವಿಡೀ ಉಳಿಯುತ್ತದೆ. ಆದ್ದರಿಂದ ಹೆಪಟೈಟಿಸ್ ಬಿ ಕೋರ್ ಐಜಿಎಂ ಎಂಬ ರಕ್ತ ಪರೀಕ್ಷೆ ಮಾಡಿಸಿ, ಅದು ಸೋಂಕು ಹೊಸದೋ ಎಂದು ಹೇಳುತ್ತದೆ. ಆರು ತಿಂಗಳ ಮೇಲೂ ಪಾಸಿಟಿವ್ ಇದ್ದರೆ, ಅವನು ವಿಮಾನ ಹತ್ತುವಾಗಲೇ ವೈರಸ್ ಜೊತೆಗಿದ್ದ ಸಂಭವವೇ ಹೆಚ್ಚು. ಅವನು ಹುಟ್ಟಿದಾಗ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿ ಇದು ಇರಲಿಲ್ಲ, ದೇಶದ ಎಲ್ಲ ಕಡೆ ಬಂದದ್ದು 2011ರಲ್ಲಿ. ಹಾಗಾಗಿ ನೀವೂ, ಅವನ ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮದು ಪಾಸಿಟಿವ್ ಬಂದರೆ ಅದು ನಿಮ್ಮ ತಪ್ಪಲ್ಲ, ನಿಮಗೆ ನಿಮ್ಮ ಅಮ್ಮನಿಂದ ಬಂದಿರಬಹುದು. ನೆಗೆಟಿವ್ ಬಂದರೂ ಬಾಲ್ಯದ ಸೂಜಿ, ಕ್ಷೌರದ ಕತ್ತಿ ಇದ್ದೇ ಇದೆ.

ಆಫ್ರಿಕಾವನ್ನು ದೂರುವವರಿಗೆ ಒಂದು ಲೆಕ್ಕ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಈ ವೈರಸ್ ಹೊತ್ತವರು 25.4 ಕೋಟಿ, ಅವರಲ್ಲಿ ಸುಮಾರು 3 ಕೋಟಿ ನಮ್ಮ ದೇಶದವರು. ಅಲ್ಲಿ ಕಷ್ಟ ಹೆಚ್ಚು ಎಂಬುದು ನಿಜ. ಆ ವರ್ಷದ ಹೊಸ ಸೋಂಕುಗಳಲ್ಲಿ 63 ಶೇಕಡಾ ಆಫ್ರಿಕಾ ವಲಯದ್ದೇ, ಹುಟ್ಟಿದೊಡನೆ ಕೊಡುವ ಲಸಿಕೆ ಅಲ್ಲಿ ಸಿಕ್ಕಿದ್ದು 18 ಶೇಕಡಾ ಕೂಸುಗಳಿಗೆ ಮಾತ್ರ. ಅದು ಲಸಿಕೆಯ ಕೊರತೆ, ನಡತೆಯದ್ದಲ್ಲ.

ನೆಲನೆಲ್ಲಿಗೆ ದೊಡ್ಡ ಕತೆಯೇ ಇದೆ. ಈ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಮದರಾಸಿನವರ ಜೊತೆ ಸೇರಿ 1988ರಲ್ಲಿ ಇದರಿಂದ ಗುಣವಿದೆ ಎಂದು ಬರೆದಿದ್ದರು. ನಾನೂ ಹಿತ್ತಲಿನಲ್ಲಿ ಕಿತ್ತು ಒಣಗಿಸಿಟ್ಟಿದ್ದೆ. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಬರಲಿಲ್ಲ. ಕಷಾಯ ನಿಲ್ಲಿಸಿ. ಲಿವರ್ ಫಂಕ್ಷನ್, ವೈರಲ್ ಲೋಡ್, ಸ್ಕ್ಯಾನಿಂಗ್ ಮಾಡಿಸಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರಿಗೆ ಸರ್ಕಾರದ 2018ರ ಯೋಜನೆಯಲ್ಲಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮದುವೆ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ಹುಡುಗಿಗೆ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದರೆ ಮೂರು ಡೋಸ್ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಹೇಳುವ ಕೆಲಸ ಮಗನದ್ದು. ಅವನು ಹೇಳುವಾಗ ನೀವು ಪಕ್ಕದಲ್ಲಿ ಕೂತಿರಿ.

ಪ್ರಶ್ನೆ: ಆಫ್ರಿಕಾದಿಂದ ಬಂದ ಗೇರುಬೀಜದ ಗೋಣಿ ಹೊರುತ್ತೇನೆ. ಅದರಿಂದ ಈ ಕಾಯಿಲೆ ಬರುತ್ತದಾ?
– ಓದುಗ, ಕಾರ್ಕಳ

ಉತ್ತರ: ಇಲ್ಲ ಮಾರಾಯ್ರೆ. ಧೂಳಿಗೆ ಸೀನು ಬಂದೀತು, ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಟ್ಟೀತು. ಕೈಗವಸು ಹಾಕಿ.