ಉದ್ಯಮ ಪ್ರಶ್ನೋತ್ತರ: ನಕ್ಷೆ ಮಾರುವವರೂ ನಕ್ಷೆ ಬೇಕಾದವರೂ

ನಕ್ಷೆ, ಉಪಗ್ರಹ ಚಿತ್ರಗಳನ್ನು ಬಳಸುವ ಜಿಯೋಸ್ಪೇಷಿಯಲ್ ತಂತ್ರಜ್ಞಾನವನ್ನು ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಪರಿಚಯಿಸಲು ಉದ್ಯಮ ಸಂಘಗಳು ನಡೆಸುವ ಕಾರ್ಯಾಗಾರಗಳ ಕುರಿತು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಈ ಬಾರಿ ಒಟ್ಟಿಗೆ ಉತ್ತರಿಸಿದ್ದೇವೆ. ಬರೆದವರ ಹೆಸರಿನ ಬದಲು ಊರನ್ನಷ್ಟೇ ನಮೂದಿಸಲಾಗಿದೆ.

ಪ್ರಶ್ನೆ: ನಾನು ದಿನಬಳಕೆ ವಸ್ತುಗಳ ಸಗಟು ವಿತರಕ. ಈ ತಂತ್ರಜ್ಞಾನದ ಕಂಪನಿಗಳ ಒಕ್ಕೂಟದವರು ನಮ್ಮ ವರ್ತಕರ ಸಂಘಕ್ಕೆ ಬಂದು ಎರಡು ಗಂಟೆ ಕಾಲ ಉಪಗ್ರಹ ಚಿತ್ರಗಳನ್ನೂ ಬಣ್ಣಬಣ್ಣದ ನಕ್ಷೆಗಳನ್ನೂ ತೋರಿಸಿದರು. ನೋಡಲು ಚೆನ್ನಾಗಿತ್ತು. ಆದರೆ ನನ್ನ ನಾಲ್ಕು ಗಾಡಿಗಳ ಡೀಸೆಲ್ ಖರ್ಚಿಗೂ ಅದಕ್ಕೂ ಏನು ಸಂಬಂಧವೆಂದು ಯಾರೂ ಹೇಳಲಿಲ್ಲ. (ಹುಬ್ಬಳ್ಳಿ)

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಬಂದವರು ಮೊದಲು ನಿಮ್ಮ ಲೆಕ್ಕದ ಪುಸ್ತಕವನ್ನು ಕೇಳಿ, ಆಮೇಲೆ ತಮ್ಮ ನಕ್ಷೆಯನ್ನು ಬಿಚ್ಚಬೇಕಾಗಿತ್ತು. ಜಿಯೋಸ್ಪೇಷಿಯಲ್ ಮಾಹಿತಿ ಎಂದರೆ ಭೂಮಿಯ ಮೇಲಿನ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡ ಮಾಹಿತಿ, ಅಷ್ಟೇ. ನಿಮ್ಮ ಪುಸ್ತಕದಲ್ಲಿ ಅಂಗಡಿಯ ಹೆಸರು, ಬಾಕಿ, ಮಾಲು ಹೋಗುವ ವಾರ ಎಲ್ಲವೂ ಇರುತ್ತದೆ; ಅಂಗಡಿ ಎಲ್ಲಿದೆ ಎಂಬುದು ಮಾತ್ರ ಚಾಲಕನ ತಲೆಯಲ್ಲಿ ಇರುತ್ತದೆ. ಅವನು ಕೆಲಸ ಬಿಟ್ಟ ದಿನ ಅದೂ ಅವನೊಂದಿಗೆ ಹೋಗುತ್ತದೆ.

ಗೋದಾಮಿನಿಂದ ಹೊರಟ ಒಂದು ಗಾಡಿ ಹತ್ತು ಅಂಗಡಿಗಳಿಗೆ ಮಾಲು ಇಳಿಸಿ ಮರಳಬೇಕೆಂದು ಇಟ್ಟುಕೊಳ್ಳಿ. ಯಾವ ಅಂಗಡಿ ಮೊದಲು, ಯಾವುದು ಆಮೇಲೆ ಎಂಬುದನ್ನು 36,28,800 ರೀತಿಯಲ್ಲಿ ಜೋಡಿಸಬಹುದು. ಅನುಭವಿ ಚಾಲಕ ಇವುಗಳಲ್ಲಿ ಒಳ್ಳೆಯದೊಂದನ್ನು ತಾನಾಗಿಯೇ ಕಂಡುಕೊಂಡಿರುತ್ತಾನೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅಂಗಡಿಗಳ ಸಂಖ್ಯೆ ನಲವತ್ತಕ್ಕೆ ಏರಿದಾಗ, ಆರ್ಡರ್ ದಿನದಿನವೂ ಬದಲಾಗುವಾಗ, ಇಬ್ಬರು ಚಾಲಕರ ಬೀಟುಗಳು ಒಂದೇ ಓಣಿಯಲ್ಲಿ ಹಾದುಹೋಗುತ್ತಿರುವಾಗ ಕಂಪ್ಯೂಟರಿನ ಲೆಕ್ಕ ಪ್ರಯೋಜನಕ್ಕೆ ಬರುತ್ತದೆ. ಬೀಟು ವರ್ಷಗಳಿಂದ ಬದಲಾಗದೆ, ಅಂಗಡಿಗಳೂ ಕಡಿಮೆಯಿದ್ದರೆ ನಿಮಗಾಗುವ ಉಳಿತಾಯ ತೀರ ಅಲ್ಪವಾಗಿರಬಹುದು. ಈ ಮಾತನ್ನು ಮಾರಾಟಕ್ಕೆ ಬಂದವರು ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ವಿಳಾಸಗಳದ್ದು. 1972ರಲ್ಲಿ ಬಂದ ಪಿನ್ ಕೋಡ್ ಒಂದು ಅಂಚೆ ಪ್ರದೇಶವನ್ನು ಗುರುತಿಸುತ್ತದೆಯೇ ಹೊರತು ಬಾಗಿಲನ್ನಲ್ಲ. ಆದ್ದರಿಂದಲೇ "ಹನುಮಪ್ಪನ ಗುಡಿಯ ಹಿಂದೆ, ಹಳೆಯ ಹಿಟ್ಟಿನ ಗಿರಣಿಯ ಎದುರು" ಎಂದು ನಾವು ಇಂದಿಗೂ ಬರೆಯುತ್ತೇವೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಹೊರತಂದ ಡಿಜಿಪಿನ್ ವ್ಯವಸ್ಥೆ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತವನ್ನು ಕೊಟ್ಟಿದೆ. ನಿಮ್ಮ ಹುಡುಗರು ಮುಂದಿನ ಸುತ್ತಿನಲ್ಲಿ ಪ್ರತಿ ಅಂಗಡಿಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶವನ್ನೋ ಡಿಜಿಪಿನ್ ಅನ್ನೋ ಬರೆದುಕೊಳ್ಳಲಿ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಐದು ಮೀಟರ್‌ನಷ್ಟು ಆಚೀಚೆ ತೋರಿಸುತ್ತದೆ, ಇಕ್ಕಟ್ಟಾದ ಪೇಟೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಗಾಡಿ ನಿಲ್ಲಿಸಲು ಅಷ್ಟು ಸಾಕು. ಅದರ ಜೊತೆಗೆ ಒಂದು ತಿಂಗಳ ಕಾಲ ಪ್ರತಿ ಗಾಡಿ ಓಡಿದ ಕಿಲೋಮೀಟರನ್ನು ಬರೆದಿಡಿ. ಈ ಎರಡು ಪಟ್ಟಿಗಳು ಕೈಯಲ್ಲಿಲ್ಲದೆ ಯಾವ ತಂತ್ರಾಂಶಕ್ಕೂ ಹಣ ಕೊಡಬೇಡಿ. ಅಂಗಡಿಗಳನ್ನು ನಕ್ಷೆಯ ಮೇಲೆ ಇಟ್ಟು ನೋಡುವುದಕ್ಕೆ ಉಚಿತವಾಗಿ ಸಿಗುವ ಕ್ಯುಜಿಐಎಸ್ ಎಂಬ ಮುಕ್ತ ತಂತ್ರಾಂಶವೇ ಸಾಕು.

ಪ್ರಶ್ನೆ: ನಮ್ಮದು ಬೇಳೆ ಮಿಲ್. ಉಪಗ್ರಹದಿಂದ ತೊಗರಿ ಬೆಳೆಯನ್ನು ಅಳೆದು ಆವಕವನ್ನು ಮುಂಚಿತವಾಗಿಯೇ ಹೇಳುತ್ತೇವೆ ಎಂದು ಕಾರ್ಯಾಗಾರವೊಂದರಲ್ಲಿ ಹೇಳಿದರು. ಇದನ್ನು ನಂಬಬಹುದೇ? (ಕಲಬುರಗಿ)

ಉತ್ತರ: ಅರ್ಧ ನಂಬಬಹುದು. ಯಾವ ಅರ್ಧ ಎಂಬುದನ್ನು ವಿವರಿಸುತ್ತೇನೆ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ನಿಮ್ಮ ಜಿಲ್ಲೆಯನ್ನು ಚಿತ್ರಿಸುತ್ತವೆ; ಆ ಚಿತ್ರಗಳು ಉಚಿತ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 101 ಚದರ ಮೀಟರಿಗೆ ಚೂರು ಹೆಚ್ಚು. ಹಳೆಯ ಸರ್ವೆಯವರ 33 ಅಡಿ ಸರಪಳಿಯೂ ಬಾಹ್ಯಾಕಾಶದ ಕ್ಯಾಮೆರಾವೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಂತಿರುವುದು ಕಾಕತಾಳೀಯವಾದರೂ ರೈತರಿಗೂ ವರ್ತಕರಿಗೂ ವಿವರಿಸಲು ಬಹಳ ಅನುಕೂಲ: ಚುಕ್ಕೆಯೊಂದು ಗುಂಟೆ, ನಾಲ್ಕು ಎಕರೆಯ ಹೊಲ ಸುಮಾರು 160 ಚುಕ್ಕೆ.

ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ಮೋಡವನ್ನು ಭೇದಿಸಿ ನೋಡುವ ಸೆಂಟಿನೆಲ್-1ರಂತಹ ರಾಡಾರ್ ಉಪಗ್ರಹಗಳಿದ್ದರೂ ಆ ಚಿತ್ರಗಳನ್ನು ಓದುವುದು ಕಷ್ಟ. ತೊಗರಿಯ ವಿಷಯದಲ್ಲಿ ನಿಮಗೊಂದು ಅದೃಷ್ಟವಿದೆ. ಜೂನ್-ಜುಲೈನಲ್ಲಿ ಬಿತ್ತಿದ ಬೆಳೆ ಡಿಸೆಂಬರ್-ಜನವರಿಯವರೆಗೆ ಹೊಲದಲ್ಲಿರುತ್ತದೆ. ಜೊತೆಗೆ ಬಿತ್ತಿದ ಹೆಸರು, ಉದ್ದು ಆಗಸ್ಟ್-ಸೆಪ್ಟೆಂಬರ್ ವೇಳೆಗೇ ಕಟಾವಾಗಿರುತ್ತವೆ. ನವೆಂಬರಿನಲ್ಲಿ ಮೋಡ ಸರಿದು ಹೋದ ಮೇಲೆ ಕಪ್ಪು ನೆಲದಲ್ಲಿ ದಟ್ಟವಾಗಿ ಹಸಿರು ಕಾಣಿಸಿದರೆ ಅದು ತೊಗರಿಯೋ ಹತ್ತಿಯೋ ಆಗಿರುವ ಸಂಭವ ಹೆಚ್ಚು, ಆಗಷ್ಟೇ ಬಿತ್ತಿದ ಕಡಲೆ, ಬಿಳಿಜೋಳಗಳು ಇನ್ನೂ ತೆಳುವಾಗಿರುತ್ತವೆ. ಹತ್ತಿಯನ್ನೂ ತೊಗರಿಯನ್ನೂ ಬೇರ್ಪಡಿಸಲು ಕೆಲವು ಹೊಲಗಳಿಗೆ ಹೋಗಿ ಕಣ್ಣಾರೆ ನೋಡಲೇಬೇಕು. ಸರ್ವೆ ನಂಬರುವಾರು ನಡೆಯುವ ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆಯನ್ನು ಇದಕ್ಕೆ ಹೋಲಿಸಿ ನೋಡಬಹುದು.

ಇಲ್ಲಿಯವರೆಗಿನದು ನಂಬಬಹುದಾದ ಅರ್ಧ: ವಿಸ್ತೀರ್ಣ. ಇಳುವರಿ ಬೇರೆ ಮಾತು. ನೆಟೆ ರೋಗ ಬಂದು ಗಿಡ ಒಣಗಿದರೆ ಚಿತ್ರದಲ್ಲಿ ಕಂಡೀತು. ಕಾಯಿಕೊರಕ ಒಳಗೆ ಕೂತು ಕಾಳು ತಿಂದರೆ, ಮಂಜು ಬಿದ್ದು ಹೂವು ಉದುರಿದರೆ, ಮೇಲಿನಿಂದ ಎಲೆ ಹಸಿರಾಗಿಯೇ ಕಾಣುತ್ತದೆ. ಇಷ್ಟು ಕ್ವಿಂಟಲ್ ಬಂದೇ ಬರುತ್ತದೆಂದು ಖಚಿತವಾಗಿ ಹೇಳುವವರಿಗೆ ಹಿಂದಿನ ಮೂರು ವರ್ಷಗಳ ತಮ್ಮ ಅಂದಾಜನ್ನೂ ಮಾರುಕಟ್ಟೆಗೆ ಬಂದ ಆವಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಲು ಹೇಳಿ. ಇದನ್ನು ಒಂದು ಮಿಲ್ ಒಂಟಿಯಾಗಿ ಕೊಳ್ಳುವುದಕ್ಕಿಂತ ಮಿಲ್ ಮಾಲೀಕರೆಲ್ಲ ಸೇರಿ ಸಂಘದ ಮೂಲಕ ಒಂದು ಹಂಗಾಮಿಗೆ ಕೊಳ್ಳುವುದು ಮೇಲು, ಏಕೆಂದರೆ ಚಿತ್ರ ಇಡೀ ಜಿಲ್ಲೆಯದು, ಲೆಕ್ಕವೂ ಎಲ್ಲರಿಗೂ ಒಂದೇ.

ಪ್ರಶ್ನೆ: ಸಿವಿಲ್ ಎಂಜಿನಿಯರ್ ಆಗಿರುವ ನಾನು ಸಣ್ಣದೊಂದು ಸರ್ವೆ ಕಚೇರಿ ನಡೆಸುತ್ತಿದ್ದೇನೆ. ನಕ್ಷೆ ತಯಾರಿಸಿ ಮಾರಲು ಈಗ ಯಾರ ಅನುಮತಿಯೂ ಬೇಡವೆಂದು ಸಂಘದವರು ಹೇಳುತ್ತಾರೆ. ಹೌದೇ? (ಹಾಸನ)

ಉತ್ತರ: ಬಹುಮಟ್ಟಿಗೆ ಹೌದು. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಮಸೂದೆಯೊಂದರಲ್ಲಿ ಅನುಮತಿಯಿಲ್ಲದೆ ಭೂಮಾಹಿತಿಯನ್ನು ಬಳಸಿದವರಿಗೆ 100 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಪ್ರಸ್ತಾವವಿತ್ತು. ಅದು ಕಾಯ್ದೆಯಾಗಲಿಲ್ಲ. 2021ರ ಫೆಬ್ರವರಿ 15ರಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿ ಅದಕ್ಕೆ ತದ್ವಿರುದ್ಧವಾದ ದಿಕ್ಕಿನದು: ಭಾರತೀಯ ವ್ಯಕ್ತಿಗಳೂ ಸಂಸ್ಥೆಗಳೂ ಪೂರ್ವಾನುಮತಿ, ಪರವಾನಗಿಗಳಿಲ್ಲದೆ ಭೂಮಾಹಿತಿಯನ್ನು ಸಂಗ್ರಹಿಸಬಹುದು, ನಕ್ಷೆ ರಚಿಸಬಹುದು, ಮಾರಬಹುದು, ನಿಯಮ ಪಾಲಿಸಿದ್ದೇವೆಂಬ ಸ್ವಯಂ ಪ್ರಮಾಣ ಸಾಕು. ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ಮಾಹಿತಿಯನ್ನು ಭಾರತೀಯ ಸಂಸ್ಥೆಗಳು ಮಾತ್ರ ಸಂಗ್ರಹಿಸಬಹುದು ಮತ್ತು ಅದನ್ನು ದೇಶದೊಳಗೇ ಇರಿಸಬೇಕು. 2022ರ ಜುಲೈನಲ್ಲಿ ಗೂಗಲ್‌ನ ಬೀದಿ ನೋಟದ ಸೇವೆ ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ ಆರಂಭವಾದಾಗ ಚಿತ್ರ ತೆಗೆದದ್ದು ಭಾರತೀಯ ಪಾಲುದಾರ ಕಂಪನಿಗಳೇ ಆಗಿದ್ದುದಕ್ಕೆ ಕಾರಣ ಈ ಮಾರ್ಗಸೂಚಿ. 2022ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿಯೂ ಇದೇ ಜಾಡಿನದು.

ಎರಡು ಎಚ್ಚರಿಕೆ. ಯಾವ ಪ್ರದೇಶದ ನಕ್ಷೆಗೂ ಪೂರ್ತಿ ನಿಷೇಧವಿಲ್ಲದಿದ್ದರೂ ಭದ್ರತೆಗೆ ಸಂಬಂಧಿಸಿದ ಕೆಲವು ವಿವರಗಳನ್ನು ನಕ್ಷೆಯಲ್ಲಿ ಹೆಸರಿಸಿ ಗುರುತಿಸಬಾರದು. ಇನ್ನು ಡ್ರೋನ್ ಹಾರಿಸುವುದು ಬೇರೆಯೇ ಕಟ್ಟಳೆಗೆ, ಅಂದರೆ 2021ರ ಡ್ರೋನ್ ನಿಯಮಗಳಿಗೆ ಒಳಪಡುತ್ತದೆ; ನಕ್ಷೆಗೆ ಅನುಮತಿ ಬೇಡವೆಂದರೆ ಆಕಾಶಕ್ಕೂ ಬೇಡವೆಂದಲ್ಲ. ಈ ವ್ಯತ್ಯಾಸವನ್ನು ಕಾರ್ಯಾಗಾರಗಳಲ್ಲಿ ಸಾಕಷ್ಟು ಸ್ಪಷ್ಟವಾಗಿ ಹೇಳುವುದಿಲ್ಲವೆಂಬುದು ನನ್ನ ಅನುಭವ.

ಪ್ರಶ್ನೆ: ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೆ ನನ್ನ ಕಾರ್ಖಾನೆಯ ಕಾಂಪೌಂಡು ಪಕ್ಕದ ಸರ್ವೆ ನಂಬರಿನೊಳಗೆ ಸ್ವಲ್ಪ ಸೇರಿದಂತೆ ಕಾಣುತ್ತದೆ. ಗಾಬರಿಯಾಗಿದೆ. (ತುಮಕೂರು)

ಉತ್ತರ: ಗಾಬರಿ ಬೇಡ. ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಸುವುದು ಆ ಆ್ಯಪ್‌ನ ಕೆಲಸ, ಗಡಿ ತೀರ್ಮಾನಿಸುವುದಲ್ಲ. ಹಳೆಯ ಕಾಗದದ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸುವಾಗ ಕೆಲವು ಮೀಟರ್ ಸರಿಯುವುದು ಸಹಜ, ಮೊಬೈಲಿನ ತಪ್ಪು ಅದರ ಮೇಲೆ ಸೇರುತ್ತದೆ. ಅನುಮಾನ ಉಳಿದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ ಅರ್ಜಿ ಹಾಕಿ, ಟಿಪ್ಪಣಿಯ (ಮೂಲ ಸರ್ವೆಯ ಅಳತೆ ದಾಖಲೆಯ) ಆಧಾರದ ಮೇಲೆ ಅಳತೆ ಮಾಡಿಸಿ.

ಪ್ರಶ್ನೆ: ನಮ್ಮ ಜಿಲ್ಲಾ ಸಣ್ಣ ಕೈಗಾರಿಕೆಗಳ ಸಂಘದಲ್ಲಿ ಜಿಯೋಸ್ಪೇಷಿಯಲ್ ವಿಭಾಗವೊಂದನ್ನು ತೆರೆಯುವ ಆಲೋಚನೆಯಿದೆ. ಹೇಗೆ ಆರಂಭಿಸಬೇಕು? (ಶಿವಮೊಗ್ಗ)

ಉತ್ತರ: ಆಲೋಚನೆ ಚೆನ್ನಾಗಿದೆ. ರಾಷ್ಟ್ರಮಟ್ಟದಲ್ಲಿ ಅಸೋಸಿಯೇಷನ್ ಆಫ್ ಜಿಯೋಸ್ಪೇಷಿಯಲ್ ಇಂಡಸ್ಟ್ರೀಸ್ ಇದೆ. ಅದು ಈ ತಂತ್ರಜ್ಞಾನವನ್ನು ಒದಗಿಸುವ ಕಂಪನಿಗಳ ಕೂಟ, ಅವರ ಪರವಾಗಿ ಸರ್ಕಾರದೊಂದಿಗೆ ಮಾತನಾಡುವುದು ಅದರ ಸಹಜ ಕೆಲಸ. ನಿಮಗೆ ಬೇಕಾದದ್ದು ಬಳಸುವವರ ಕೂಟ. ಬ್ರಿಟನ್ನಿನ ಉದಾಹರಣೆಯನ್ನು ನೋಡಿ. ಭೂಮಾಹಿತಿಯ ನಿರ್ವಹಣೆ ಕುರಿತು 1987ರಲ್ಲಿ ಬಂದ ಚಾರ್ಲಿ ಸಮಿತಿಯ ವರದಿಯ ಬೆನ್ನಿಗೆ 1989ರಲ್ಲಿ ಅಲ್ಲಿ ಅಸೋಸಿಯೇಷನ್ ಫಾರ್ ಜಿಯಾಗ್ರಫಿಕ್ ಇನ್ಫರ್ಮೇಷನ್ ಸ್ಥಾಪನೆಯಾಯಿತು. ಮಾರುವವರು, ಬಳಸುವವರು, ಸ್ಥಳೀಯ ಆಡಳಿತದವರು, ವಿಶ್ವವಿದ್ಯಾಲಯದವರು ಅದರಲ್ಲಿ ಒಟ್ಟಿಗೆ ಕೂತರು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಪ್ರತ್ಯೇಕ ಪ್ರಾದೇಶಿಕ ಗುಂಪುಗಳಾದವು. ಲಂಡನ್ನಿನ ಸಮಸ್ಯೆಯೂ ವೇಲ್ಸಿನ ಕುರಿ ಸಾಕುವ ಗುಡ್ಡದ ಸಮಸ್ಯೆಯೂ ಒಂದೇ ಅಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದೆ ಇದೆ. ಶಿವಮೊಗ್ಗದ ಅಡಿಕೆ ಮಂಡಿಗೂ ಫೌಂಡ್ರಿಗೂ ಬೆಂಗಳೂರಿನ ಮಾದರಿ ಹೊಂದಬೇಕೆಂದಿಲ್ಲ.

ಅಧ್ಯಕ್ಷ ಸ್ಥಾನವನ್ನು ತಂತ್ರಾಂಶ ಮಾರುವವರಿಗೆ ಕೊಡಬೇಡಿ. ಅವರು ಸದಸ್ಯರಾಗಿರಲಿ, ಪ್ರಾಯೋಜಕರಾಗುವುದು ಬೇಡ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರದಲ್ಲಿ ಈಗಾಗಲೇ ಯಾವ ಮಾಹಿತಿ ಲಭ್ಯವಿದೆಯೆಂದು ಮೊದಲು ವಿಚಾರಿಸಿ, ಸರ್ಕಾರದ ಬಳಿ ಇರುವುದನ್ನೇ ಖಾಸಗಿಯವರಿಂದ ಮತ್ತೆ ಕೊಳ್ಳುವುದು ತಪ್ಪುತ್ತದೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ, ಅವರಿಗೆ ಪ್ರಾಜೆಕ್ಟ್ ಆಗುತ್ತದೆ, ನಿಮಗೆ ಕೆಲಸವಾಗುತ್ತದೆ. ಮೊದಲ ವರ್ಷ ಒಂದೇ ಪ್ರಶ್ನೆಯನ್ನು ಹಿಡಿಯಿರಿ, ಉದಾಹರಣೆಗೆ ಕೈಗಾರಿಕಾ ವಸಾಹತಿನ ಎಲ್ಲ ಘಟಕಗಳ ಜಾಗ, ಕೊಳವೆಬಾವಿ, ವಿದ್ಯುತ್ ಮಾರ್ಗ, ಬೆಂಕಿ ನಂದಿಸುವ ವಾಹನ ಒಳಬರಲು ಸಾಧ್ಯವಿರುವ ರಸ್ತೆಗಳು, ಇಷ್ಟನ್ನು ಒಂದೇ ನಕ್ಷೆಗೆ ತರುವುದು. ಅದನ್ನು ಮುಗಿಸುವ ಮುನ್ನ ಡ್ರೋನ್ ಪ್ರದರ್ಶನ ಏರ್ಪಡಿಸಬೇಡಿ. ಜನ ಡ್ರೋನ್ ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮೊದಲ ಸಭೆಗೆ ಬರುವ ಪ್ರತಿ ಸದಸ್ಯರೂ ತಮ್ಮ ಗ್ರಾಹಕರ ವಿಳಾಸದ ಪುಸ್ತಕವನ್ನು ತರಲಿ, ಅದರಲ್ಲಿ ಎಷ್ಟು ವಿಳಾಸಗಳನ್ನು ಹೊಸ ಚಾಲಕನೊಬ್ಬ ಫೋನ್ ಮಾಡದೆ ಹುಡುಕಬಲ್ಲನೆಂದು ಅಲ್ಲೇ ಎಣಿಸಿ.