ಚಿಕಾಗೋದ ಹಳಬರು ಸ್ಟೇಟ್ ಸ್ಟ್ರೀಟ್‌ನ ಮೇಸೀಸ್ ಅಂಗಡಿಯನ್ನು ಇನ್ನೂ ‘ಫೀಲ್ಡ್ಸ್’ ಅನ್ನೋದು ಯಾಕೆ?

ನೀವು ಈ ಊರಿಗೆ ಹೊಸಬರು ಅಂದಿದ್ದೀರಿ. ಮೇಸೀಸ್ ಕಟ್ಟಡದ ಮೂಲೆಯಲ್ಲಿ ‘ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ’ ಅನ್ನೋ ಕಂಚಿನ ಫಲಕ ನೋಡಿದಿರಿ, ಆಫೀಸಿನ ಹಿರಿಯರೊಬ್ಬರು ಆ ಅಂಗಡಿಯನ್ನು ‘ಫೀಲ್ಡ್ಸ್’ ಅಂದರು, ಅಲ್ಲಿ ಅಂಥದ್ದೇನಿತ್ತು, ಆ ಕಾಲದ ನೆನಪು ಕನ್ನಡದವರಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಿದ್ದೀರಿ. ನನಗಿದೆ. 2006ರವರೆಗೆ ಆ ಅಂಗಡಿಯ ಹೆಸರು ಮಾರ್ಷಲ್ ಫೀಲ್ಡ್ಸ್ ಅಂತಲೇ ಇತ್ತು, ಮೇಸೀಸ್ ಅನ್ನೋದು ಆಮೇಲೆ ಬಂದ ಹೆಸರು. ನಾನೂ ಇವತ್ತಿಗೂ ಫೀಲ್ಡ್ಸ್ ಅಂತಲೇ ಅನ್ನೋದು.

ನಾನು ದಾವಣಗೆರೆಯವಳು. ಮದುವೆಯಾಗಿ 1984ರ ಡಿಸೆಂಬರ್ ಕೊನೆಗೆ ಇಲ್ಲಿಗೆ ಬಂದೆ. ಬಂದು ತಿಂಗಳು ತುಂಬುವ ಮೊದಲೇ, 1985ರ ಜನವರಿ 20ರಂದು, ಇಲ್ಲಿ ಮೈನಸ್ 27 ಡಿಗ್ರಿ ಫ್ಯಾರನ್‌ಹೀಟ್ ಚಳಿ ಬಿತ್ತು. ನಮ್ಮ ಲೆಕ್ಕಕ್ಕೆ ಸೊನ್ನೆಗಿಂತ 33 ಡಿಗ್ರಿ ಕೆಳಗೆ. ಚಿಕಾಗೋದ ದಾಖಲೆಯಲ್ಲಿ ಅದಕ್ಕಿಂತ ಕೆಳಗೆ ಇಳಿದ ದಿನವೇ ಇಲ್ಲ. ಕಿಟಕಿಯ ಒಳಗಡೆಯೇ ಹಿಮ ಕಟ್ಟಿತ್ತು. ನಮ್ಮನೆಯವರು ಬೆಳಿಗ್ಗೆ ಏಳಕ್ಕೆ ಹೋದರೆ ಬರೋದು ಸಂಜೆ ಆರಕ್ಕೆ. ಅಷ್ಟು ಹೊತ್ತು ಮಾತಿಗೊಂದು ಜೀವ ಇಲ್ಲ. ಊರಿಗೆ ಫೋನ್ ಮಾಡೋದು ದುಬಾರಿ, ಕಾಗದ ಬರಲು ಹದಿನೈದು ದಿನ. ನನ್ನ ಮುಖ ನೋಡಿ ಅವರೇ ಒಂದು ದಿನ ‘ನನ್ನ ಜೊತೆ ಡೌನ್‌ಟೌನ್‌ಗೆ ಬಾ, ಅಲ್ಲೊಂದು ಅಂಗಡಿ ಇದೆ, ಸಾಯಂಕಾಲದವರೆಗೂ ಒಳಗಿದ್ದರೂ ಯಾರೂ ಏನೂ ಕೇಳಲ್ಲ’ ಅಂದರು.

ಯಾರೂ ಏನೂ ಕೇಳದ ಅಂಗಡಿಯನ್ನು ನಾನು ನೋಡಿರಲೇ ಇಲ್ಲ. ನಮ್ಮೂರ ಜವಳಿ ಅಂಗಡಿಗೆ ಹೋದರೆ ಗಾದಿಯ ಮೇಲೆ ಕೂರಿಸಿ, ‘ಏನು ತೋರಿಸ್ಲಿ ಅಮ್ಮಾರೇ’ ಅಂತ ಒಂದರ ಮೇಲೊಂದು ಸೀರೆ ಬಿಚ್ಚಿ ಹರವುತ್ತಿದ್ದರು. ಅಷ್ಟೆಲ್ಲ ಬಿಚ್ಚಿಸಿ ಬರಿಗೈಯಲ್ಲಿ ಏಳೋದು ಹೇಗೆ? ಒಂದು ರವಿಕೆ ಕಣವನ್ನಾದರೂ ಕೊಂಡೇ ಮೆಟ್ಟಿಲಿಳಿಯಬೇಕು. ಇಲ್ಲಿ ನೋಡಿದರೆ ಸ್ಟೇಟ್, ರಾಂಡಾಲ್ಫ್, ವಾಬಾಷ್, ವಾಷಿಂಗ್ಟನ್, ಈ ನಾಲ್ಕು ಬೀದಿಗಳ ನಡುವಿನ ಇಡೀ ಬ್ಲಾಕು ಒಂದೇ ಅಂಗಡಿ! ಸಬ್‌ವೇ ರೈಲು ಇಳಿದು, ಹೊರಗಿನ ಗಾಳಿಗೆ ಮುಖ ಒಡ್ಡದೆ, ನೆಲಮಾಳಿಗೆಯಿಂದಲೇ ಒಳಗೆ ಹೋಗಬಹುದಿತ್ತು. ಆಗ ಸ್ಟೇಟ್ ಸ್ಟ್ರೀಟ್‌ನಲ್ಲಿ ಕಾರುಗಳಿಗೆ ಪ್ರವೇಶವೂ ಇರಲಿಲ್ಲ. 1979ರಿಂದ 1996ರವರೆಗೆ ಅಲ್ಲಿ ಬಸ್ಸು ಮತ್ತು ನಡೆಯುವವರು ಮಾತ್ರ.

ಮೊದಲ ವಾರ ನಾನು ಹೆದರಿಕೊಂಡೇ ಇದ್ದೆ. ಪಿಂಗಾಣಿ ತಟ್ಟೆಗಳ ಕಡೆ ನಿಂತರೆ ಈಗ ಯಾರಾದರೂ ಬಂದು ‘ಕೊಳ್ಳಲ್ವಾ, ಹಾಗಾದ್ರೆ ಮುಂದೆ ಹೋಗು’ ಅಂತಾರೆ ಅಂತ. ಯಾರೂ ಅನ್ನಲಿಲ್ಲ. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಬೂಟು ಹಾಕಿಕೊಂಡು ಬಂದವಳಿಗೆ ‘ಹೊರಗೆ ತುಂಬಾ ಚಳಿಯಾ?’ ಅಂತ ಕೇಳಿ ಸುಮ್ಮನಾಗುತ್ತಿದ್ದರು. ಪುಸ್ತಕಗಳ ವಿಭಾಗದಲ್ಲಿ ನಿಂತು ನಿಂತು ಪುಟ ತಿರುವಿಯೇ ನನ್ನ ಇಂಗ್ಲಿಷಿನ ಭಯ ಕಳೆದದ್ದು. ಇದು ಅವರ ಹಳೆಯ ಪದ್ಧತಿ ಅಂತ ಆಮೇಲೆ ತಿಳಿಯಿತು. ಕಳೆದ ಶತಮಾನದ ಆರಂಭದಲ್ಲೇ ಈ ಅಂಗಡಿಯೊಳಗೆ ಹೆಂಗಸರಿಗಾಗಿ ಕಾಯುವ ಕೋಣೆ, ಓದುವ ಕೋಣೆ, ಕಾಗದ ಬರೆಯಲು ಮೇಜು, ಮಕ್ಕಳನ್ನು ಬಿಟ್ಟುಹೋಗಲು ಜಾಗ ಎಲ್ಲ ಇತ್ತಂತೆ. ‘ಆ ಹೆಣ್ಣುಮಗಳಿಗೆ ಏನು ಬೇಕೋ ಅದನ್ನು ಕೊಡು’ ಅನ್ನೋದು ಈ ಅಂಗಡಿ ಕಟ್ಟಿದ ಮಾರ್ಷಲ್ ಫೀಲ್ಡ್ ತನ್ನ ನೌಕರನಿಗೆ ಹೇಳಿದ ಮಾತು ಅಂತ ಊರೆಲ್ಲ ಹೇಳುತ್ತದೆ. ಲಂಡನ್ನಿನಲ್ಲಿ 1909ರಲ್ಲಿ ಸೆಲ್ಫ್ರಿಜಸ್ ಅಂಗಡಿ ತೆರೆದ ಹ್ಯಾರಿ ಸೆಲ್ಫ್ರಿಜ್ ಕೆಲಸ ಕಲಿತದ್ದೂ ಈ ಫೀಲ್ಡ್ಸ್‌ನಲ್ಲೇ.

ಈಗ ಗಡಿಯಾರದ ವಿಷಯ ಹೇಳಬೇಕು. ಕಟ್ಟಡದ ಮೂಲೆಯಿಂದ ಬೀದಿಯ ಮೇಲಕ್ಕೆ ಚಾಚಿಕೊಂಡ, ಹಸಿರುಗಟ್ಟಿದ ದೊಡ್ಡ ಗಡಿಯಾರ ನೋಡಿರುತ್ತೀರಿ. ಜನ ಈ ಮೂಲೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತಿದ್ದರಂತೆ, ಕಾದು ಸಾಕಾದವರು ಕಿಟಕಿಯ ಗಾಜಿಗೆ ಚೀಟಿ ಸಿಕ್ಕಿಸಿ ಹೋಗುತ್ತಿದ್ದರಂತೆ, ಅದನ್ನು ನೋಡಿ ಫೀಲ್ಡ್ ಗಡಿಯಾರ ಹಾಕಿಸಿದ ಅನ್ನೋ ಕತೆ ಇದೆ. ಹಾಕಿದ್ದು 1897ರಲ್ಲಿ. ಆಮೇಲೆ ‘ಗಡಿಯಾರದ ಕೆಳಗೆ ಸಿಗೋಣ’ ಅಂದರೆ ಈ ಊರಿನಲ್ಲಿ ಬೇರೆ ವಿವರಣೆಯೇ ಬೇಡ. 1945ರಲ್ಲಿ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಒಂದು ವಾರಪತ್ರಿಕೆಯ ಮುಖಪುಟಕ್ಕೆ ಇದನ್ನೇ ಬರೆದರು: ಏಣಿಯ ತುದಿಯಲ್ಲಿ ನಿಂತ ಮುದುಕ, ತನ್ನ ಜೇಬುಗಡಿಯಾರ ನೋಡಿಕೊಂಡು ಈ ದೊಡ್ಡ ಗಡಿಯಾರಕ್ಕೆ ಸಮಯ ಕೂಡಿಸುತ್ತಿದ್ದಾನೆ.

ಆ ವರ್ಷ ಫೆಬ್ರವರಿಯ ಒಂದು ಶನಿವಾರ. ನಮ್ಮನೆಯವರು ಬೇರೆ ಕಡೆ ಏನೋ ಕೆಲಸ ಮುಗಿಸಿ ಬರಬೇಕಿತ್ತು. ‘ಮೂರು ಗಂಟೆಗೆ ಗಡಿಯಾರದ ಕೆಳಗೆ ನಿಂತಿರು’ ಅಂದು ಹೋದರು. ಮೂರಕ್ಕೆ ಐದು ನಿಮಿಷ ಮೊದಲೇ ಹೋಗಿ ನಿಂತೆ. ಮೂರೂಕಾಲು ಆಯಿತು. ಬೆರಳು ಸೆಟೆದವು, ಒಳಗೆ ಹೋಗಿ ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ಹೊರಗೆ ಬಂದೆ. ಮೂರೂವರೆ. ಆಗ ಮೊಬೈಲ್ ಇಲ್ಲ. ಮನೆಗೆ ಹೋಗುವ ದಾರಿಯನ್ನು ನಾನು ಒಬ್ಬಳೇ ಒಮ್ಮೆಯೂ ಹಿಡಿದಿರಲಿಲ್ಲ. ಕಾಲು ಗಂಟೆ ತಡವಾದರೂ ಚಡಪಡಿಸುವ ಮನುಷ್ಯ ಇಷ್ಟು ಹೊತ್ತು ಬರಲಿಲ್ಲ ಅಂದರೆ ಏನೋ ಆಗಿದೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೇ ಸಲ ಒಳಗೆ ಬಂದಾಗ, ಬಾಗಿಲ ಬಳಿ ಕೈಗವಸು ಮಾರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ‘ಯಾರನ್ನು ಕಾಯ್ತಿದ್ದೀಯಮ್ಮ?’ ಅಂದರು. ಗಂಡನನ್ನು, ಗಡಿಯಾರದ ಕೆಳಗೆ ಅಂದಿದ್ದರು ಅಂದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಗಡಿಯಾರ?’

ಗಡಿಯಾರಗಳು ಎರಡಿವೆ! 1897ರದ್ದು ವಾಷಿಂಗ್ಟನ್ ಬೀದಿಯ ಮೂಲೆಯಲ್ಲಿ, ಅದರ ಜೋಡಿ ಆಮೇಲೆ ಬಂದದ್ದು ರಾಂಡಾಲ್ಫ್ ಬೀದಿಯ ಮೂಲೆಯಲ್ಲಿ. ನಡುವೆ ಇಡೀ ಒಂದು ಬ್ಲಾಕು. ನಾನು ನಿಂತದ್ದು ರಾಂಡಾಲ್ಫ್ ಮೂಲೆಯಲ್ಲಿ. ಆಕೆ ಪಕ್ಕದವಳಿಗೆ ‘ನನ್ನ ಕೌಂಟರ್ ಸ್ವಲ್ಪ ನೋಡ್ಕೋ’ ಅಂದು, ನನ್ನ ತೋಳು ಹಿಡಿದು, ಆ ಬಿಳಿ ಕಂಬಗಳ ಸಾಲಿನ ನಡುವೆ, ಅತ್ತರಿನ ವಾಸನೆಯ ನಡುವೆ, ಅಂಗಡಿಯ ಒಳಗಿಂದಲೇ ಆ ತುದಿಯವರೆಗೆ ನಡೆಸಿಕೊಂಡು ಹೋದರು. ಬಾಗಿಲ ಗಾಜಿನಾಚೆ ನಮ್ಮನೆಯವರು. ಮೂಗು ಕೆಂಪಗಾಗಿತ್ತು, ಕಣ್ಣಲ್ಲಿ ನೀರು. ಒಂದು ಗಂಟೆ ಅಲ್ಲೇ ನಿಂತಿದ್ದರು, ನಾನು ಬಂದು ಕಾಣದೆ ಗಾಬರಿಯಾದೀನೆಂದು ಒಳಗೂ ಹೋಗಿರಲಿಲ್ಲ. ಅವರಿಗೂ ಎರಡನೇ ಗಡಿಯಾರದ ವಿಷಯ ಗೊತ್ತಿರಲಿಲ್ಲ. ನಾನು ಥ್ಯಾಂಕ್ಸ್ ಹೇಳಲು ತಿರುಗಿದರೆ ಆಕೆ ಅರ್ಧ ದಾರಿ ವಾಪಸ್ ಹೋಗಿಯಾಗಿತ್ತು. ಮುಂದಿನ ವಾರ ಆಕೆಯ ಹತ್ತಿರವೇ ಒಂದು ಜೊತೆ ಉಣ್ಣೆಯ ಕೈಗವಸು ಕೊಂಡೆ. ಫೀಲ್ಡ್ಸ್‌ನಲ್ಲಿ ನಾನು ಮಾಡಿದ ಮೊದಲ ವ್ಯಾಪಾರ ಅದು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೆಚ್ಚುಕಡಿಮೆ ಇಷ್ಟೇ. ಆದರೆ ಅವ್ವನ ವಿಷಯ ಹೇಳದೆ ಬಿಡಲು ಮನಸ್ಸಿಲ್ಲ.

ಅವ್ವ 1990ರ ಚಳಿಗಾಲದಲ್ಲಿ ಬಂದಿದ್ದಳು. ಊರಿಂದ ಯಾರೇ ಬಂದರೂ ನಾವು ಮೊದಲು ಕರೆದುಕೊಂಡು ಹೋಗುತ್ತಿದ್ದುದು ಮಿಷಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕಟ್ಟಡ. ಅಲ್ಲಿ ಕೈ ಮುಗಿದು, ನಾಲ್ಕೈದು ಬೀದಿ ನಡೆದರೆ ಫೀಲ್ಡ್ಸ್. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿದ್ದವರು. ಅವ್ವನಿಗೆ ಬಟ್ಟೆ ಕಂಡರೆ ಕೈ ಸುಮ್ಮನಿರದು. ಟವೆಲ್ಲುಗಳ ಸಾಲಿನಲ್ಲಿ ನಿಂತು, ಒಂದೊಂದರ ಅಂಚನ್ನೂ ಹೆಬ್ಬೆರಳಲ್ಲಿ ಉಜ್ಜಿ, ‘ನೂಲು ಚಲೋ ಐತೆ’ ಅಂದಳು. ಫೀಲ್ಡ್‌ಕ್ರೆಸ್ಟ್ ಅನ್ನೋ ಟವೆಲ್ಲಿನ ಹೆಸರು ಕೇಳಿದ್ದೀರಾ? ಆ ಹೆಸರಿನ ಮೊದಲರ್ಧ ಈ ಅಂಗಡಿಯದ್ದೇ. 1953ರವರೆಗೆ ನಾರ್ತ್ ಕೆರೊಲಿನಾದಲ್ಲಿ ಫೀಲ್ಡ್ಸ್‌ಗೆ ತನ್ನದೇ ಗಿರಣಿಗಳಿದ್ದವು. ಅದನ್ನು ಹೇಳಿದಾಗ ಅವ್ವ ಮಿಲ್ಲಿನ ಸೈರನ್, ಪಾಳಿ ಬದಲಾಗುವ ಹೊತ್ತು, ಅಪ್ಪನ ಅಂಗಿಯ ಮೇಲಿನ ಹತ್ತಿಯ ಎಳೆ ಎಲ್ಲ ನೆನೆಸಿಕೊಂಡು ಅಲ್ಲೇ ಅರ್ಧ ಗಂಟೆ ನಿಂತಳು.

ಆಮೇಲೆ ಅವಳನ್ನು ಐದನೇ ಮಹಡಿಗೆ ಕರೆದೊಯ್ದೆ. ಅಲ್ಲಿನ ಕಟಕಟೆಗೆ ಆನಿಕೊಂಡು ಕತ್ತೆತ್ತಿದರೆ ಗಾಜಿನ ಕಲೆಗಾರ ಲೂಯಿ ಟಿಫನಿ 1907ರಲ್ಲಿ ಮಾಡಿಸಿದ ಗಾಜಿನ ಛಾವಣಿ. ಸುಮಾರು 16 ಲಕ್ಷ ಚೂರುಗಳನ್ನು ಕೈಯಿಂದಲೇ ಕೂರಿಸಿದ್ದು. ನೀಲಿ, ಹಸಿರು, ಬಂಗಾರ. ಅವ್ವ ಹುಟ್ಟಿದ್ದು ಹರಿಹರದಲ್ಲಿ, ಹರಿಹರೇಶ್ವರನ ಗುಡಿಯ ಮಂಟಪದಲ್ಲಿ ಆಡಿ ಬೆಳೆದವಳು. ಗುಡಿಯ ಮಂಟಪದ ಕೆತ್ತನೆಯ ಛಾವಣಿಗೆ ಭುವನೇಶ್ವರಿ ಅನ್ನುತ್ತಾರಲ್ಲ. ಬಹಳ ಹೊತ್ತು ನೋಡಿ, ‘ಇದು ಗಾಜಿನ ಭುವನೇಶ್ವರಿ ಕಣವ್ವಾ’ ಅಂದಳು. ಆ ಛಾವಣಿಯ ಬಗ್ಗೆ ಎಷ್ಟೋ ಬರಹ ಓದಿದ್ದೇನೆ, ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಏಳನೇ ಮಹಡಿಯ ವಾಲ್ನಟ್ ರೂಮ್ ಊಟದ ಮನೆಯೂ 1907ರದ್ದೇ. ಗೋಡೆಗೆಲ್ಲ ಅಕ್ರೋಟಿನ ಮರದ ಹಲಗೆ, ಕ್ರಿಸ್‌ಮಸ್ ಹೊತ್ತಿಗೆ ನಡುವೆ 45 ಅಡಿಯ ಮರ, ಅದರ ಸುತ್ತ ಊಟದ ಮೇಜುಗಳು. ಅದನ್ನು ನೋಡಲು ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರು ಒಟ್ಟಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಹೆಸರುವಾಸಿಯಾದದ್ದು ಕೋಳಿಯ ಪೈ. 1890ರಲ್ಲಿ ಟೋಪಿ ಮಾರುವ ಮಿಸೆಸ್ ಹೆರಿಂಗ್ ಅನ್ನೋಳು ಹಸಿದ ಗಿರಾಕಿಗೆ ತನ್ನ ಡಬ್ಬಿಯ ಊಟ ಹಂಚಿದ್ದರಿಂದ ಶುರುವಾದದ್ದಂತೆ. ನಾವು ಅದನ್ನು ತಿನ್ನುವವರಲ್ಲ. ಬ್ರೆಡ್ಡು, ಸೊಪ್ಪು, ಐಸ್‌ಕ್ರೀಮು ತಿಂದು, ಮರ ನೋಡುತ್ತಾ ಕೂತೆವು. ಎದ್ದು ಹೋಗಿ ಅಂತ ಯಾರೂ ಅನ್ನಲಿಲ್ಲ.

ಹೊರಡುವಾಗ ಅವ್ವನ ಪೆಟ್ಟಿಗೆಗೆ ನಾಲ್ಕು ಡಬ್ಬಿ ಫ್ರಾಂಗೋ ಹಾಕಿದ್ದೆ. ಪುದೀನಾ ಸೇರಿದ ಚಾಕೊಲೇಟು, ಆಗ ಅದನ್ನು ಇದೇ ಕಟ್ಟಡದ 13ನೇ ಮಹಡಿಯಲ್ಲೇ ಮಾಡುತ್ತಿದ್ದರು. ದಾವಣಗೆರೆ ಮುಟ್ಟುವಷ್ಟರಲ್ಲಿ ಅಷ್ಟೂ ಕರಗಿ ಒಂದೇ ಗಟ್ಟಿಯಾಗಿತ್ತಂತೆ. ಅವ್ವ ಅದನ್ನು ಚಮಚದಲ್ಲಿ ಕೆರೆದು ಬಿಸಿ ಹಾಲಿಗೆ ಹಾಕಿ ಅಣ್ಣನ ಮಕ್ಕಳಿಗೆ ಕೊಟ್ಟಳು. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ಆ ಮಕ್ಕಳು ಬಾಗಿಲಲ್ಲೇ ‘ಅತ್ತೆ, ಫ್ರಾಂಗೋ ಹಾಲು ತಂದ್ರಾ?’ ಅಂತಿದ್ದರು. ಈಗ ಅವರಿಗೂ ಮಕ್ಕಳಾಗಿವೆ. ಮೊನ್ನೆ ಹೋದಾಗ ಆ ಮಕ್ಕಳಿಗೂ ಹಾಗೇ ಕೆರೆದು ಕೊಟ್ಟೆ.

1999ರಲ್ಲಿ ಫ್ರಾಂಗೋ ತಯಾರಿಕೆ ಪೆನ್ಸಿಲ್ವೇನಿಯಾಕ್ಕೆ ಹೋಯಿತು. ಅಂಗಡಿಯೂ ಕೈಯಿಂದ ಕೈಗೆ ಹೋಗುತ್ತಾ ಕೊನೆಗೆ ಮೇಸೀಸ್‌ನವರ ಪಾಲಾಯಿತು. 2005ರಲ್ಲಿ ಹೆಸರು ತೆಗೆಯುತ್ತೇವೆ ಅಂದರು, 2006ರ ಸೆಪ್ಟೆಂಬರ್ 9ರಂದು ತೆಗೆದೇಬಿಟ್ಟರು. ಆ ಶನಿವಾರ ಗಡಿಯಾರದ ಕೆಳಗೆ ಜನ ಫೀಲ್ಡ್ಸ್‌ನ ಗುರುತಿನ ಬಣ್ಣವಾದ ಹಸಿರು ಬಟ್ಟೆ, ಫಲಕ ಹಿಡಿದು ಸೇರಿದ್ದರು. ನಾವಿಬ್ಬರೂ ಹೋಗಿದ್ದೆವು. ಅಷ್ಟು ಹೊತ್ತಿಗೆ ನನಗೆ ಈ ಊರಲ್ಲಿ ಇಪ್ಪತ್ತೆರಡನೇ ವರ್ಷ, ಇಲ್ಲೇ ಹುಟ್ಟಿದವರ ನಡುವೆ ನಿಂತು ಕಣ್ಣೊರೆಸಿಕೊಳ್ಳಲು ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ಲಾಭ ನಷ್ಟದ ಲೆಕ್ಕ ಅವರದು, ಒಪ್ಪುತ್ತೇನೆ. ಆದರೆ ನೂರಾರು ಸಾವಿರ ಮನೆಗಳಲ್ಲಿ ಮದುವೆ, ಬಾಣಂತನ, ಹಬ್ಬ ಎಲ್ಲಕ್ಕೂ ಜೊತೆಯಾದ ಹೆಸರನ್ನು ಅಷ್ಟು ಸುಲಭಕ್ಕೆ ಅಳಿಸಬಾರದಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಗಡಿಯಾರ, ಗಾಜಿನ ಛಾವಣಿ, ವಾಲ್ನಟ್ ರೂಮು, ಕ್ರಿಸ್‌ಮಸ್ ಮರ ಇವನ್ನು ಅವರು ಉಳಿಸಿಕೊಂಡಿದ್ದಾರೆ. ಅಷ್ಟರ ಮಟ್ಟಿಗೆ ಅವರ ಋಣ ನನ್ನ ಮೇಲಿದೆ. ಫ್ರಾಂಗೋ ಹೆಸರನ್ನು 2017ರಲ್ಲಿ ಚಿಕಾಗೋದ ಗ್ಯಾರೆಟ್‌ನವರು, ಆ ಪಾಪ್‌ಕಾರ್ನ್ ಅಂಗಡಿಯವರು, ಕೊಂಡುಕೊಂಡಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ.

ನೀವು ಹೊಸಬರು, ಮುಂದಿನ ಶನಿವಾರ ಬಿಡುವಿದ್ದರೆ ಹೋಗಿ ಬನ್ನಿ. ವಾಷಿಂಗ್ಟನ್ ಬೀದಿಯ ಕಡೆಯಿಂದ ಒಳಗೆ ಹೋಗಿ, ನೆಲಮಹಡಿಯಲ್ಲೇ ಒಮ್ಮೆ ಕತ್ತೆತ್ತಿ ನೋಡಿ, ಆಮೇಲೆ ಐದನೇ ಮಹಡಿಗೆ ಹೋಗಿ ಹತ್ತಿರದಿಂದ ನೋಡಿ. ಮನೆಯವರನ್ನೋ ಸ್ನೇಹಿತರನ್ನೋ ಗಡಿಯಾರದ ಕೆಳಗೆ ಬರಲು ಹೇಳುವುದಾದರೆ ಯಾವ ಬೀದಿಯದ್ದು ಅಂತ ಹೇಳಿಬಿಡಿ. ನಾವಿಬ್ಬರು ಅವತ್ತಿನಿಂದ ರಾಂಡಾಲ್ಫ್ ಮೂಲೆ ಅಂತ ಗೊತ್ತುಮಾಡಿಕೊಂಡಿದ್ದೇವೆ. ಆದರೂ ನಮ್ಮನೆಯವರು ಬರುವಾಗ ಮೊದಲು ವಾಷಿಂಗ್ಟನ್ ಮೂಲೆಗೆ ಹೋಗಿ, ನಾನು ಅಲ್ಲಿಲ್ಲ ಅಂತ ನೋಡಿಕೊಂಡೇ ಈ ಕಡೆ ಬರುತ್ತಾರೆ.