ಎಚ್ಚರವಿದ್ದವರೂ ಕನವರಿಸುತ್ತಾರೆ

ನಿಮ್ಮ ಕಥೆಯಲ್ಲಿ ಸೊಸೆಯ ಬಗ್ಗೆ ಬರುವ 'ಅವಳು ಹೊಸ ಮನೆಯನ್ನೇ ಕನವರಿಸುತ್ತಿದ್ದಳು' ಅನ್ನೋ ಸಾಲು ಸರಿಯಾ, ಬದಲಿಗೆ ಬೇರೆ ಪದ ಇದೆಯಾ ಅಂತ ಕೇಳಿದ್ದೀರಿ. ಸಾಲು ಸರಿಯಾಗಿಯೇ ಇದೆ. ಕನವರಿಸು ಅಂದರೆ ಮೊದಲಿಗೆ ನಿದ್ದೆಯಲ್ಲಿ ಬಡಬಡಿಸುವುದು, ಜ್ವರ ಏರಿದ ಮಗು ರಾತ್ರಿ ಏನೇನೋ ಅನ್ನುತ್ತದಲ್ಲ, ಅದು. ಆಮೇಲೆ ಹಗಲಲ್ಲೂ ಒಂದನ್ನೇ ನೆನೆಯುತ್ತ ಅದರದ್ದೇ ಮಾತಾಡುವುದಕ್ಕೂ ಬಂತು.

ಬೇರೆ ಪದ ಇವೆ, ಆದರೆ ನೋಡಿ ಹಾಕಿ. ಹಂಬಲಿಸು ಅಂದರೆ ಆಸೆ, ಬಾಯಿ ಬಿಡದೆಯೂ ಹಂಬಲಿಸಬಹುದು. ಹಲುಬು ಅಂದರೆ ದುಃಖ ಸೇರಿತು. ಹಪಹಪಿಸು ಅಂದರೆ ಸ್ವಲ್ಪ ಬೈದ ಹಾಗೆ. ಗೀಳು ಹಿಡಿ ಅನ್ನುವುದು ಇಲ್ಲಿ ಭಾರ ಆಯಿತು, ಅದು ಕಾಯಿಲೆಯ ಹೆಸರಲ್ಲೂ ಇದೆ.

ಕಥೆ ಬೆಳಗಾವಿಯದು ಅಂದಿರಲ್ಲ, ಹಾಗಿದ್ದರೆ ಪಾತ್ರಗಳ ಮಾತಿಗೆ 'ನಾದ ಹತ್ತು', ಅಂದರೆ ಒಂದರ ಹುಚ್ಚು ಹಿಡಿ, ಚೆನ್ನಾಗಿ ಕೂರುತ್ತದೆ. ನಮ್ಮ ಓಣಿಯ ಅಜ್ಜಿ ಮೊಮ್ಮಗನ ಬಗ್ಗೆ ಹೇಳುವುದು ಹೀಗೆ: 'ಗಾಡಿ ನಾದ ಹತ್ತೈತಿ ನೋಡ್ರಿ ಇವಗ, ಊಟದ ಧ್ಯಾಸ ಸುದ್ದಾ ಇಲ್ಲ.' ಇಲ್ಲಿ ನಾದ ಅಂದರೆ ಸಂಗೀತದ ನಾದ ಅಲ್ಲ, ಮರಾಠಿಯವರ 'ನಾದ್ ಲಾಗಣೆ' ಇದೆಯಲ್ಲ, ಅದರದ್ದೇ ಜೋಡಿ. ಧ್ಯಾಸದ ಕಥೆ ಇನ್ನೂ ಮಜಾ. ಮರಾಠಿಯಲ್ಲಿ ಅದು ಬಿಡದೆ ಕಾಡುವ ಹಂಬಲ, ನಮ್ಮ ಕಡೆ ಬರೀ ನೆನಪು, ಲಕ್ಷ್ಯ ಅಂತಲೂ ನಡೆಯುತ್ತದೆ. 'ಧ್ಯಾಸನ ಇರಲಿಲ್ರಿ' ಅಂದರೆ ಮರೆತೆ ಅಂತ ಅಷ್ಟೇ.

ನಿರೂಪಣೆಯಲ್ಲಿ ಕನವರಿಸು ಇರಲಿ, ಅತ್ತೆಯ ಬಾಯಲ್ಲಿ 'ಮನಿ ನಾದ ಹತ್ತೈತಿ ಅಕಿಗೆ' ಅನ್ನಿಸಿ. ನಾದದಲ್ಲಿ ಸುಮ್ನೆ ಒಂದು ಚುಚ್ಚು ಇರುತ್ತದೆ, ಸೊಸೆಯೇ ತನ್ನ ಬಗ್ಗೆ ಹೇಳಿಕೊಳ್ಳುವಾಗ ಬೇಡ.